ಆರೈಕೆ ಮನೆಯಲ್ಲಿ ಹಿರಿಯರ ದಿನ ಅವರದೇ ಆಗಿ ಉಳಿಯಲು ಏನೇನು ಮಾಡಬೇಕು

ಬೆಳಗಿನ ಐದೂವರೆಗೆ ದೀಪ ಹೊತ್ತಿಸಿ ಎಲ್ಲರನ್ನೂ ಎಬ್ಬಿಸುವ ಒಂದು ಆರೈಕೆ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನೆಲ ಹೊಳೆಯುತ್ತದೆ, ಔಷಧಿ ಹೊತ್ತಿಗೆ ಸರಿಯಾಗಿ ಕೈಸೇರುತ್ತದೆ, ಊಟ ಬಿಸಿಯಾಗಿರುತ್ತದೆ. ಆದರೂ ಅಲ್ಲಿರುವವರನ್ನು ಬದುಕು ಹೇಗಿದೆ ಎಂದು ಕೇಳಿದರೆ "ಏನೋ, ನಡೀತಿದೆ" ಅನ್ನುತ್ತಾರೆ. ಐದೂವರೆಗೆ ಏಳಬೇಕೆಂದು ತೀರ್ಮಾನಿಸಿದವರು ಅವರಲ್ಲ. ರಾತ್ರಿ ಪಾಳಿ ಮುಗಿಯುವುದರೊಳಗೆ ಕೆಲಸ ಮುಗಿಸಬೇಕಾದ ಸಿಬ್ಬಂದಿಯ ವೇಳಾಪಟ್ಟಿ ಅದನ್ನು ತೀರ್ಮಾನಿಸಿದೆ. ಹಿರಿಯರ ತೃಪ್ತಿ ಕಳೆದುಹೋಗುವುದು ಬಹುಪಾಲು ಇಂಥ ಕಡೆಗಳಲ್ಲೇ. ಮರಳಿ ಸಿಗುವುದೂ ಇಂಥ ಕಡೆಗಳಲ್ಲೇ.

ನಮ್ಮ ಮಾತಿನಲ್ಲಿ ನರ್ಸಿಂಗ್ ಹೋಮ್ ಎಂದರೆ ಸಣ್ಣ ಆಸ್ಪತ್ರೆ. ಇಲ್ಲಿ ಹೇಳುತ್ತಿರುವುದು ಅದರ ಬಗ್ಗೆ ಅಲ್ಲ. ಹಗಲು ರಾತ್ರಿ ಶುಶ್ರೂಷೆ ಬೇಕಾಗಿ, ವರ್ಷಗಟ್ಟಲೆ ಇದೇ ನನ್ನ ಮನೆ ಎಂದು ಹಿರಿಯರು ಉಳಿದುಕೊಳ್ಳುವ ಜಾಗದ ಬಗ್ಗೆ. ಅದನ್ನು ನಡೆಸುವವರು, ಅಲ್ಲಿ ದುಡಿಯುವ ನರ್ಸ್‌ಗಳು, ಆರೈಕೆಗಾರರು, ತಮ್ಮವರನ್ನು ಅಲ್ಲಿ ಬಿಟ್ಟಿರುವ ಮನೆಯವರು ಎಲ್ಲರಿಗೂ ಇದು ಬೇಕಾದ ವಿಷಯ.

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳೋಣ. ಸೇವೆಯ ಬಗೆಗಿನ ತೃಪ್ತಿ ಬೇರೆ, ಬದುಕಿನ ಬಗೆಗಿನ ತೃಪ್ತಿ ಬೇರೆ. "ಇಲ್ಲಿಯವರು ಚೆನ್ನಾಗಿ ನೋಡಿಕೊಳ್ಳುತ್ತಾರೆ" ಎನ್ನುವ ಅದೇ ವ್ಯಕ್ತಿ "ಆದರೆ ನಾನು ಯಾಕಾದರೂ ಬದುಕಿದ್ದೇನೋ" ಎಂದೂ ಅನ್ನಬಹುದು. ಮೊದಲ ಮಾತನ್ನಷ್ಟೇ ಬರೆದುಕೊಂಡು ಸಮೀಕ್ಷೆ ಮುಗಿಸುವ ಸಂಸ್ಥೆಗಳಿಗೆ ಎರಡನೆಯದು ಕಿವಿಗೇ ಬೀಳುವುದಿಲ್ಲ.

ತೀರ್ಮಾನ ಯಾರ ಕೈಯಲ್ಲಿದೆ

ಈ ಪ್ರಶ್ನೆಯನ್ನು ನೇರವಾಗಿ ಪರೀಕ್ಷಿಸಿದ ಹೆಸರಾಂತ ಅಧ್ಯಯನ ಮನೋವಿಜ್ಞಾನಿಗಳಾದ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅವರದು. 1976ರಲ್ಲಿ ಪ್ರಕಟವಾಯಿತು. ಅಮೆರಿಕದ ಕನೆಕ್ಟಿಕಟ್‌ನ ಒಂದು ಆರೈಕೆ ಮನೆಯಲ್ಲಿ ಒಂದು ಮಹಡಿಯವರಿಗೆ, ನಿಮ್ಮ ಕೋಣೆ, ನಿಮ್ಮ ಹೊತ್ತು, ನಿಮ್ಮ ದೂರು ಎಲ್ಲವೂ ನಿಮ್ಮ ಜವಾಬ್ದಾರಿ ಎಂದು ಹೇಳಿದರು. ಒಂದು ಗಿಡ ಕೊಟ್ಟು ನೀವೇ ನೋಡಿಕೊಳ್ಳಿ ಎಂದರು. ಸಿನಿಮಾವನ್ನು ಯಾವ ರಾತ್ರಿ ನೋಡಬೇಕು ಎಂಬುದನ್ನೂ ಅವರಿಗೇ ಬಿಟ್ಟರು. ಇನ್ನೊಂದು ಮಹಡಿಗೂ ಗಿಡ ಕೊಟ್ಟರು, ಸಿನಿಮಾ ತೋರಿಸಿದರು. ಆದರೆ ಅಲ್ಲಿ ನೀರು ಹಾಕುವವರು ನರ್ಸ್‌ಗಳು, ರಾತ್ರಿ ಗೊತ್ತುಮಾಡುವವರು ಸಿಬ್ಬಂದಿ. ಕೆಲವೇ ವಾರಗಳಲ್ಲಿ ಮೊದಲ ಮಹಡಿಯವರು ಹೆಚ್ಚು ಚುರುಕಾಗಿ, ಗೆಲುವಾಗಿ ಕಂಡರು. ಒಂದೂವರೆ ವರ್ಷದ ನಂತರವೂ ವ್ಯತ್ಯಾಸ ಉಳಿದಿತ್ತು. ಆ ಮಹಡಿಯಲ್ಲಿ ಸಾವು ಅರ್ಧಕ್ಕಿಳಿಯಿತು ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅದನ್ನು ಅಷ್ಟಾಗಿ ನೆಚ್ಚಬೇಡಿ. ಇದ್ದವರೇ ಕೆಲವು ಹತ್ತು ಮಂದಿ, ಜೊತೆಗೆ ಆ ಲೆಕ್ಕದಲ್ಲಿದ್ದ ತಪ್ಪನ್ನು ಸಂಶೋಧಕರೇ 1978ರಲ್ಲಿ ತಿದ್ದಿದರು. ಚುರುಕುತನ, ಗೆಲುವಿನ ಮಾತಿಗೆ ಅದರಿಂದ ಧಕ್ಕೆಯಿಲ್ಲ.

1976ರಲ್ಲೇ ರಿಚರ್ಡ್ ಷುಲ್ಜ್ ಪ್ರಕಟಿಸಿದ ಇನ್ನೊಂದು ಅಧ್ಯಯನ ಇದಕ್ಕಿಂತ ದೊಡ್ಡ ಎಚ್ಚರಿಕೆ ಕೊಡುತ್ತದೆ. ಕಾಲೇಜು ವಿದ್ಯಾರ್ಥಿಗಳು ಹಿರಿಯರನ್ನು ಭೇಟಿಯಾಗಲು ಬರುತ್ತಿದ್ದರು. ಭೇಟಿ ಯಾವಾಗ, ಎಷ್ಟು ಹೊತ್ತು ಎಂದು ತಾವೇ ತೀರ್ಮಾನಿಸಿದವರಿಗೂ, ಯಾವಾಗ ಬರುತ್ತಾರೆಂದು ಮುಂಚೆಯೇ ಗೊತ್ತಿದ್ದವರಿಗೂ ಒಳ್ಳೆಯದಾಯಿತು. ಯಾವಾಗ ಬರುತ್ತಾರೋ ಗೊತ್ತಿಲ್ಲದವರಿಗೆ ಅಷ್ಟಾಗಿ ಆಗಲಿಲ್ಲ. ಆಮೇಲೆ ಅಧ್ಯಯನ ಮುಗಿಯಿತು, ವಿದ್ಯಾರ್ಥಿಗಳು ಬರುವುದನ್ನು ನಿಲ್ಲಿಸಿದರು. ವರ್ಷಗಳ ನಂತರ ನೋಡಿದರೆ, ಹಿಂದೆ ಲಾಭ ಪಡೆದವರೇ ಹೆಚ್ಚು ಕುಸಿದಿದ್ದರು.

ಹಾಗಾಗಿ ಕೆಲಸ ಶುರುಮಾಡುವ ಮೊದಲೇ ಒಂದು ನಿಯಮ ಹಾಕಿಕೊಳ್ಳಿ: ಆರು ತಿಂಗಳ ನಂತರವೂ ನಡೆಸಲಾಗುವುದನ್ನಷ್ಟೇ ಶುರುಮಾಡಿ. ಹಬ್ಬದಂತೆ ಬಂದು ಹೋಗುವ ಸ್ವಯಂಸೇವಕರ ಗುಂಪಿಗಿಂತ ಪ್ರತಿ ಮಂಗಳವಾರ ನಾಲ್ಕು ಗಂಟೆಗೆ ತಪ್ಪದೆ ಬರುವ ಒಬ್ಬರೇ ಸಾಕು. ಅವರು ಬರಲಾಗದ ವಾರ ಹಿಂದಿನ ದಿನವೇ ತಿಳಿಸಬೇಕು. ನಿಂತೇಹೋಗುವುದಾದರೆ ಕಾರಣ ಹೇಳಿ, ಎದುರು ಬಂದು ವಿದಾಯ ಹೇಳಿಯೇ ನಿಲ್ಲಿಸಬೇಕು.

ಒಂದು ದಿನವನ್ನು ಹಾಳೆಯ ಮೇಲೆ ಬಿಡಿಸಿ

ಒಬ್ಬೊಬ್ಬ ಹಿರಿಯರಿಗೂ ಒಂದೊಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಅವರ ದಿನದ ತೀರ್ಮಾನಗಳನ್ನು ಬರೆಯಿರಿ: ಏಳುವ ಹೊತ್ತು, ಮಲಗುವ ಹೊತ್ತು, ಸ್ನಾನ ಯಾವಾಗ ಮತ್ತು ಹೇಗೆ, ಯಾವ ಬಟ್ಟೆ, ಎಲ್ಲಿ ಯಾರ ಪಕ್ಕ ಕೂತು ಊಟ, ನಡುವೆ ಏನಾದರೂ ತಿನ್ನುವುದು, ಕಿಟಕಿ ತೆರೆಯುವುದು, ಟಿವಿ ಹಾಕುವುದು ಆರಿಸುವುದು, ಹೊರಗೆ ಹೋಗುವುದು, ಯಾರೂ ಕೇಳದಂತೆ ಫೋನಿನಲ್ಲಿ ಮಾತಾಡುವುದು, ಸಾಮಾನಿಗೆ ಬೀಗ ಹಾಕುವುದು, ಆರೋಗ್ಯದ ಮಾತುಕತೆಯಲ್ಲಿ ಮನೆಯವರು ಇರಬೇಕೋ ಬೇಡವೋ. ಪ್ರತಿಯೊಂದರ ಮುಂದೆ ಎರಡು ವಿಷಯ: ಇದು ಅವರಿಗೆ ಎಷ್ಟು ಮುಖ್ಯ, ಈಗ ಇದನ್ನು ತೀರ್ಮಾನಿಸುತ್ತಿರುವವರು ಯಾರು.

"ತುಂಬಾ ಮುಖ್ಯ" ಎಂದಿದ್ದು, ತೀರ್ಮಾನ ಮಾತ್ರ ಸಿಬ್ಬಂದಿಯ ಕೈಯಲ್ಲಿರುವ ಸಾಲುಗಳಿಗೆ ಗುರುತು ಹಾಕಿ. ಅವುಗಳಲ್ಲಿ ಒಂದೋ ಎರಡೋ ಆರಿಸಿಕೊಂಡು ಈ ವಾರವೇ ಬದಲಿಸಿ. ಎಲ್ಲವನ್ನೂ ಒಮ್ಮೆಗೇ ಬದಲಿಸಹೊರಟರೆ ಪಾಳಿಯವರು ಕೈಚೆಲ್ಲುತ್ತಾರೆ, ತಿಂಗಳೊಳಗೆ ಹಾಳೆ ಕಪಾಟು ಸೇರುತ್ತದೆ. ಇನ್ನೊಂದು ಮಾತು: ಯಾವುದು ಯಾರಿಗೆ ಮುಖ್ಯ ಎಂದು ಊಹಿಸಬೇಡಿ. ಒಬ್ಬರಿಗೆ ಬಟ್ಟೆಯ ಬಣ್ಣದ ಬಗ್ಗೆ ಚಿಂತೆಯೇ ಇರುವುದಿಲ್ಲ, ಆದರೆ ಬೆಳಿಗ್ಗೆ ಮುಖ ತೊಳೆಯದೆ ಯಾರ ಮುಂದೆಯೂ ಬರಲಾರರು. ಇನ್ನೊಬ್ಬರಿಗೆ ರಾತ್ರಿ ಹತ್ತರವರೆಗೆ ಓದುವುದೇ ದಿನದ ಸಾರ. ಅವರನ್ನು ಏಳೂವರೆಗೆ ಮಲಗಿಸಿ ದೀಪ ಆರಿಸಿದರೆ ಮಿಕ್ಕ ಎಲ್ಲ ಅನುಕೂಲ ಕೊಟ್ಟರೂ ಲೆಕ್ಕಕ್ಕಿಲ್ಲ.

ಮರೆವಿನ ಕಾಯಿಲೆ ಇರುವವರಿಗೆ ಆಯ್ಕೆ ಬೇಡ ಎನ್ನುವುದು ತಪ್ಪು. ಆಯ್ಕೆ ಕೊಡುವ ರೀತಿ ಬದಲಾಗಬೇಕು, ಅಷ್ಟೇ. "ಇವತ್ತು ಏನು ಹಾಕಿಕೊಳ್ಳುತ್ತೀರಿ?" ಎಂಬ ಪ್ರಶ್ನೆ ಅವರನ್ನು ಕಂಗಾಲು ಮಾಡುತ್ತದೆ. ಎರಡು ಬಟ್ಟೆಗಳನ್ನು ಎರಡು ಕೈಯಲ್ಲಿ ಹಿಡಿದು, ಕಣ್ಣಿನ ಮಟ್ಟಕ್ಕೆ ತಂದು, ಸುಮ್ಮನೆ ಕಾಯಿರಿ. ಕೈ ಒಂದರ ಕಡೆ ಚಾಚುತ್ತದೆ, ಇಲ್ಲವೇ ನೋಟ ಒಂದರ ಮೇಲೆ ನಿಲ್ಲುತ್ತದೆ. ಅದೇ ಉತ್ತರ. ಹತ್ತು ಹದಿನೈದು ಸೆಕೆಂಡು ಬೇಕಾಗಬಹುದು. ಆರೈಕೆ ಮಾಡುವವರಿಗೆ ಈ ಹದಿನೈದು ಸೆಕೆಂಡು ಯುಗದಂತೆ ಅನ್ನಿಸುತ್ತದೆ, ಮೂರನೆಯ ಸೆಕೆಂಡಿಗೇ ತಾವೇ ಆರಿಸಿಬಿಡುತ್ತಾರೆ. ಈ ಕೆಲಸ ಕೆಡುವುದು ಅಲ್ಲೇ.

ಬಂದ ಮೊದಲ ಮೂರು ತಿಂಗಳು

ಬಹಳಷ್ಟು ಹಿರಿಯರು ತಾವಾಗಿ ಇಲ್ಲಿಗೆ ಬರುವುದಿಲ್ಲ. ಬಿದ್ದು ಮೂಳೆ ಮುರಿದು ಆಸ್ಪತ್ರೆಯಿಂದ ನೇರವಾಗಿ ಬರುತ್ತಾರೆ, ಇಲ್ಲವೇ ಮನೆಯವರು ಕೂತು ತೀರ್ಮಾನಿಸಿ ಕರೆತರುತ್ತಾರೆ. ಬರುವ ತೀರ್ಮಾನದಲ್ಲಿ ತಮ್ಮ ಪಾಲು ಇತ್ತು ಎಂದು ಅನ್ನಿಸುವವರು ಹೊಂದಿಕೊಳ್ಳುವುದು ಸುಲಭ. ಸಾಧ್ಯವಿದ್ದರೆ ಮುಂಚೆಯೇ ಒಮ್ಮೆ ಕರೆದುಕೊಂಡು ಬಂದು ಕೋಣೆ ತೋರಿಸಿ. ಎರಡು ಕೋಣೆ ಖಾಲಿ ಇದ್ದರೆ ಅವರೇ ಆರಿಸಲಿ. ಬರಲಾಗದಿದ್ದರೆ ಕೋಣೆಯ ಫೋಟೊ ತೋರಿಸಿ, ಮಂಚ ಯಾವ ಗೋಡೆಗೆ ಇರಲಿ ಎಂದಾದರೂ ಕೇಳಿ. "ಸ್ವಲ್ಪ ದಿನಕ್ಕಷ್ಟೇ, ಆಮೇಲೆ ಮನೆಗೆ" ಎಂಬ ಸುಳ್ಳನ್ನು ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ಆ ಒಂದು ಸುಳ್ಳಿನಿಂದ ಹಿರಿಯರು ತಿಂಗಳುಗಟ್ಟಲೆ ಗಂಟು ಬಿಚ್ಚದೆ ಬಾಗಿಲು ನೋಡುತ್ತ ಕೂರುತ್ತಾರೆ.

ಮೊದಲ ದಿನ ಸ್ವಾಗತಕ್ಕೆ ಒಬ್ಬರೇ ಆರೈಕೆಗಾರರು, ಮೊದಲ ವಾರವಿಡೀ ಆದಷ್ಟೂ ಅವರೇ ಇರಲಿ. ಶೌಚಾಲಯ, ಕರೆಗಂಟೆ, ಕೋಣೆಯ ಬಾಗಿಲು ಈ ಮೂರನ್ನು ಬಾಯಲ್ಲಿ ಹೇಳಿದರೆ ಸಾಲದು. ಕೈ ಹಿಡಿದು ನಡೆಸಿ ತೋರಿಸಿ, ಅವರೇ ಗಂಟೆ ಒತ್ತಿ ನೋಡಲಿ. ಅವರ ಸ್ವಂತ ಕುರ್ಚಿ ತರಲು ಜಾಗ ಮಾಡಿಕೊಡಿ. ಫೋಟೊಗಳು ಗೋಡೆಯ ಮೇಲೆತ್ತರದಲ್ಲಿದ್ದರೆ ಹಾಸಿಗೆಯಲ್ಲಿರುವವರಿಗೆ ಕಾಣುವುದಿಲ್ಲ. ನೇತುಹಾಕುವ ಮುನ್ನ ಹಾಸಿಗೆಯ ಮೇಲೆ ನೀವೇ ತಲೆಯಿಟ್ಟು ನೋಡಿ.

ಈ ಮೂರು ತಿಂಗಳಲ್ಲಿ ಖಿನ್ನತೆ ಬಹಳ ಸಾಮಾನ್ಯ, "ಹೊಸ ಜಾಗ, ಹಾಗೇ ಇರುತ್ತದೆ" ಎಂದು ಬಿಟ್ಟುಬಿಡುವುದೂ ಅಷ್ಟೇ ಸಾಮಾನ್ಯ. ಹಿರಿಯರ ಖಿನ್ನತೆ ಅಳೆಯುವ 15 ಪ್ರಶ್ನೆಗಳ ಚಿಕ್ಕ ಮಾಪನವನ್ನು ಬಂದು ಎರಡು ವಾರವಾದಾಗ ಒಮ್ಮೆ, ಮೂರು ತಿಂಗಳಾದಾಗ ಮತ್ತೊಮ್ಮೆ ಮಾಡಿ. ಹೌದು-ಇಲ್ಲ ಎನ್ನುವ ಪ್ರಶ್ನೆಗಳು, ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಅಂಕ 5 ದಾಟಿದರೆ ವೈದ್ಯರಿಗೆ ತೋರಿಸಿ. ಚಿಕಿತ್ಸೆಯಿಲ್ಲದ ಖಿನ್ನತೆಯ ಮುಂದೆ ಈ ಬರಹದ ಯಾವ ಉಪಾಯವೂ ನಿಲ್ಲುವುದಿಲ್ಲ.

ಮೈಯ ಕಿರುಕುಳಗಳನ್ನು ಮೊದಲು ಕಳೆಯಿರಿ

ಯಾರಾದರೂ ಇದ್ದಕ್ಕಿದ್ದಂತೆ ಮಂಕಾದರೆ, ಸಿಡುಕಿದರೆ, ಊಟದ ಕೋಣೆಗೆ ಬರುವುದನ್ನು ಬಿಟ್ಟರೆ, ಮನಸ್ಸಿನ ಕಾರಣ ಹುಡುಕುವ ಮೊದಲು ಈ ಕ್ರಮದಲ್ಲಿ ಮೈ ನೋಡಿ: ನೋವು, ಮಲಬದ್ಧತೆ, ಕಿವಿ, ಬಾಯಿ, ಕಣ್ಣು, ನಿದ್ದೆ.

ನೋವನ್ನು ಹಿರಿಯರು ಹೇಳಿಕೊಳ್ಳುವುದು ಕಡಿಮೆ, "ವಯಸ್ಸಾಯಿತಲ್ಲ" ಎಂದು ನುಂಗಿಕೊಳ್ಳುತ್ತಾರೆ. "ನೋವಿದೆಯಾ?" ಎಂದರೆ ಇಲ್ಲ ಎನ್ನುವವರೇ "ಎಲ್ಲಾದರೂ ಹಿಡಿದಂತೆ, ಜಗ್ಗಿದಂತೆ, ಉರಿದಂತೆ ಇದೆಯಾ?" ಎಂದರೆ ಕೈಯಿಟ್ಟು ತೋರಿಸುತ್ತಾರೆ. ಮಾತು ನಿಂತವರಿಗೆ, ನೋವನ್ನು ನೋಡಿಯೇ ಅಳೆಯುವ ಪೈನ್ಯಾಡ್ (PAINAD) ಮಾಪನ ಬಳಸಿ. ಉಸಿರಾಟ, ನರಳುವ ದನಿ, ಮುಖಭಾವ, ಮೈಯ ಬಿಗಿತ, ಸಮಾಧಾನಪಡಿಸಿದಾಗ ಶಾಂತರಾಗುವರೋ ಇಲ್ಲವೋ, ಹೀಗೆ ಐದು ಅಂಶ. ಪ್ರತಿಯೊಂದಕ್ಕೂ 0ರಿಂದ 2, ಒಟ್ಟು 10. ಸುಮ್ಮನೆ ಮಲಗಿದ್ದಾಗ ಅಲ್ಲ, ಮಗ್ಗುಲು ಬದಲಿಸುವಾಗ ನೋಡಿ.

ಕಿವಿಯ ವಿಷಯ ಚಿಕ್ಕದೆನಿಸುತ್ತದೆ, ಆದರೆ ಒಂಟಿತನದ ದೊಡ್ಡ ಪಾಲು ಅಲ್ಲಿಂದ ಬರುತ್ತದೆ. ಶ್ರವಣಯಂತ್ರ ಡ್ರಾಯರ್‌ನಲ್ಲೇ ಉಳಿದಿರಲು ಕಾರಣ ಸಾಮಾನ್ಯವಾಗಿ ಮೂರೇ: ಬ್ಯಾಟರಿ ಮುಗಿದಿದೆ, ಕಿವಿಯಲ್ಲಿ ಗುಗ್ಗೆ ತುಂಬಿದೆ, ಎಡದ್ದನ್ನು ಬಲಕ್ಕೆ ಹಾಕಿದ್ದಾರೆ. ಬೆಳಗಿನ ಕೆಲಸದ ಪಟ್ಟಿಯಲ್ಲಿ ಹಲ್ಲುಜ್ಜುವುದರ ಪಕ್ಕದಲ್ಲೇ ಶ್ರವಣಯಂತ್ರವನ್ನೂ ಬರೆಯಿರಿ. ಕನ್ನಡಕ, ಕಟ್ಟುಹಲ್ಲುಗಳ ಮೇಲೂ ಹೆಸರಿರಲಿ. ಒಂದೇ ಬೋಗುಣಿಯಲ್ಲಿ ಹಲವರ ಕಟ್ಟುಹಲ್ಲು ತೊಳೆದು ಅದಲು ಬದಲಾಗುವ ಪ್ರಮಾದ ಅಪರೂಪವೇನಲ್ಲ. ಆಮೇಲೆ ಆ ವ್ಯಕ್ತಿ ಊಟ ಬಿಟ್ಟಾಗ ಹಸಿವಿಲ್ಲ ಎಂದು ಬರೆದುಕೊಳ್ಳುತ್ತಾರೆ.

ನಿದ್ದೆ ಕೆಡಿಸುವವರು ಬಹುತೇಕ ನಾವೇ. ಎರಡು ಗಂಟೆಗೊಮ್ಮೆ ಟಾರ್ಚ್ ಹಾಕಿ ಒದ್ದೆಯೇ ಎಂದು ನೋಡುವುದು, ಬಾಗಿಲ ಬಳಿ ಜೋರು ಮಾತು, ಗಾಡಿಯ ಚಕ್ರದ ಕಿರುಗುಟ್ಟುವಿಕೆ. ತಾವೇ ಮಗ್ಗುಲಾಗಬಲ್ಲ, ಚರ್ಮ ಗಟ್ಟಿಯಿರುವ, ಹುಣ್ಣಿನ ಅಪಾಯ ಕಡಿಮೆಯಿರುವವರನ್ನು ನರ್ಸ್ ಗುರುತಿಸಿ, ಅವರು ಎಚ್ಚರಗೊಂಡಾಗ ಮಾತ್ರ ನೋಡುವ ಏರ್ಪಾಟು ಮಾಡಿ. ಉಳಿದವರಿಗೆ ಮಗ್ಗುಲು ಬದಲಿಸುವುದು, ಬಟ್ಟೆ ಬದಲಿಸುವುದು, ನೀರು ಕೊಡುವುದು ಎಲ್ಲ ಒಂದೇ ಸಲಕ್ಕೆ ಮುಗಿಯಲಿ. ಬೆಳಿಗ್ಗೆ ಅರ್ಧ ಗಂಟೆಯಾದರೂ ಹೊರಗಿನ ಬೆಳಕಿನಲ್ಲಿ ಕೂರಿಸಿ.

ಸ್ನಾನ ಮತ್ತು ಬಟ್ಟೆ: ಕೈಗಳು ಮಾಡುವ ಕೆಲಸ

ದಿನದಲ್ಲಿ ಹಿರಿಯರು ಇನ್ನೊಬ್ಬ ಮನುಷ್ಯರ ಜೊತೆ ಅತಿ ಹೆಚ್ಚು ಹೊತ್ತು ಕಳೆಯುವುದು ಯಾವುದೋ ಕಾರ್ಯಕ್ರಮದಲ್ಲಲ್ಲ, ಸ್ನಾನ, ಬಟ್ಟೆ, ಶೌಚದ ಸಹಾಯದಲ್ಲಿ. ಅಲ್ಲಿ ಅವರ ಮಾನ ಉಳಿದರೆ ದಿನ ಉಳಿಯಿತು.

ಸ್ನಾನಕ್ಕೆ ಮೊದಲು ಕೋಣೆ ಬೆಚ್ಚಗಿರಲಿ. ಬಟ್ಟೆ ತೊಟ್ಟಿರುವ ಆರೈಕೆಗಾರರಿಗೆ ಸ್ವಲ್ಪ ಸೆಕೆಯೆನಿಸಿದರೆ ಅದು ಬೆತ್ತಲೆ ಮೈಗೆ ಸರಿಯಾದ ಹದ. ನೀರು 38ರಿಂದ 40 ಡಿಗ್ರಿ ಸೆಲ್ಸಿಯಸ್, ಉಷ್ಣಮಾಪಕದಿಂದಲೇ ನೋಡಿ, ಆಮೇಲೆ ಅವರ ಕೈಯಿಂದಲೂ ಮುಟ್ಟಿಸಿ. ಟವೆಲ್ ಮತ್ತು ಬಟ್ಟೆ ಮೊದಲೇ ಕೈಗೆಟುಕುವಂತಿರಲಿ. ಮರೆತು ತರಲು ಹೋಗುವ ಎರಡು ನಿಮಿಷ ಒದ್ದೆ ಮೈಯಲ್ಲಿ ಒಬ್ಬರೇ ಕೂತವರಿಗೆ ಭಯದ ಹೊತ್ತು. ಪಾದದಿಂದ ಶುರುಮಾಡಿ ಮೇಲೆ ಬನ್ನಿ, ಮುಖ ಮತ್ತು ತಲೆ ಕೊನೆಗೆ. ತಲೆಯ ಮೇಲೆ ಇದ್ದಕ್ಕಿದ್ದಂತೆ ನೀರು ಬಿದ್ದಾಗಲೇ ಮರೆವಿನವರು ಕೂಗುವುದು, ಹೊಡೆಯುವುದು. ತೊಳೆಯುತ್ತಿರುವ ಭಾಗ ಬಿಟ್ಟು ಉಳಿದದ್ದೆಲ್ಲ ಟವೆಲ್ ಅಡಿಯಲ್ಲಿರಲಿ. ಅವರ ಕೈಗೂ ಒಂದು ಬಟ್ಟೆ ಕೊಡಿ, ತಮ್ಮ ಗುಪ್ತಾಂಗವನ್ನು ತಾವೇ ತೊಳೆಯಬಲ್ಲವರು ತಾವೇ ತೊಳೆಯಲಿ.

ಸ್ನಾನದ ಕೋಣೆಯೇ ಬೇಡ ಎನ್ನುವವರಿಗೆ ಹಾಸಿಗೆಯ ಮೇಲೆಯೇ ಟವೆಲ್ ಸ್ನಾನವಿದೆ. ಆಮೇಲೆ ನೀರು ಹಾಕಿ ತೊಳೆಯಬೇಕಿಲ್ಲದ ಸೋಪು ಬೆರೆಸಿದ ಬೆಚ್ಚನೆಯ ನೀರಿನಲ್ಲಿ ನೆನೆಸಿದ ದೊಡ್ಡ ಟವೆಲನ್ನು ಮೈಮೇಲೆ ಹೊದಿಸಿ, ಟವೆಲ್ ಮೇಲಿಂದಲೇ ಮೃದುವಾಗಿ ಉಜ್ಜುವುದು. ಮೈ ಎಲ್ಲೂ ತೆರೆದುಕೊಳ್ಳುವುದಿಲ್ಲ. ಫಿಲಿಪ್ ಸ್ಲೋನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವ್ಯಕ್ತಿಗೆ ಹೊಂದಿಸಿಕೊಂಡ ಸ್ನಾನ, ಟವೆಲ್ ಸ್ನಾನ ಎರಡರಲ್ಲೂ ಮರೆವಿನವರ ಹೊಡೆತ, ತಳ್ಳಾಟ ಅರ್ಧಕ್ಕಿಂತ ಕಡಿಮೆಯಾಯಿತು. ಹಾಗಾಗಿ "ಸಹಕರಿಸುವುದಿಲ್ಲ" ಎಂದು ದಾಖಲೆಯಲ್ಲಿ ಬರೆಯುವ ಮೊದಲು ನೀರು, ಚಳಿ, ಅವಸರ ಮೂರನ್ನೂ ಒಮ್ಮೆ ನೋಡಿ.

ಬಟ್ಟೆ ತೊಡಿಸುವಾಗ ಇನ್ನೊಂದು ಬಗೆಯ ತಪ್ಪಾಗುತ್ತದೆ, ಅದೂ ಒಳ್ಳೆಯ ಮನಸ್ಸಿನಿಂದಲೇ. ಬೆರಳು ನಡುಗುವವರು ಅಂಗಿಯ ಗುಂಡಿ ಹಾಕಲು ಹತ್ತು ನಿಮಿಷ ತೆಗೆದುಕೊಳ್ಳುತ್ತಾರೆ, ಆರೈಕೆಗಾರರು ಒಂದೇ ನಿಮಿಷದಲ್ಲಿ ಹಾಕಿಬಿಡುತ್ತಾರೆ. ಕೆಲವೇ ವಾರಗಳಲ್ಲಿ ಹಿರಿಯರು ಕೈ ಚಾಚಿ ಸುಮ್ಮನೆ ಕೂರುವುದನ್ನು ಕಲಿಯುತ್ತಾರೆ. ಸಂಶೋಧಕಿ ಮಾರ್ಗ್ರೆಟ್ ಬಾಲ್ಟೆಸ್ ವರ್ಷಗಟ್ಟಲೆ ಆರೈಕೆ ಮನೆಗಳಲ್ಲಿ ಕೂತು ಗಮನಿಸಿ ತೋರಿಸಿಕೊಟ್ಟದ್ದು ಇದನ್ನೇ: ಹಿರಿಯರು ಕೈಲಾಗದವರಂತೆ ವರ್ತಿಸಿದಾಗ ಸಿಬ್ಬಂದಿ ಕೂಡಲೇ ಹತ್ತಿರ ಬರುತ್ತಾರೆ, ಮಾತಾಡಿಸುತ್ತಾರೆ. ತಾವಾಗಿ ಏನಾದರೂ ಮಾಡಿಕೊಂಡಾಗ ಯಾರೂ ತಿರುಗಿ ನೋಡುವುದಿಲ್ಲ. ಮಾತಿಗೆ ಹಸಿದವರು ಯಾವ ದಾರಿ ಹಿಡಿಯುತ್ತಾರೆಂದು ಬಿಡಿಸಿ ಹೇಳಬೇಕಿಲ್ಲ.

ಇದನ್ನು ತಿರುಗಿಸಲು, ಗುಂಡಿಗಳಲ್ಲಿ ಕೆಳಗಿನ ಎರಡನ್ನು ಅವರಿಗೆ ಬಿಡಿ, ಮೇಲಿನವನ್ನು ನೀವು ಹಾಕಿ. ಅವರು ಹಾಕಿಕೊಳ್ಳುವಾಗ ಪಕ್ಕದಲ್ಲೇ ಕೂತು ಮಾತಾಡಿ, ಎದ್ದು ಹೋಗಬೇಡಿ. ಹಾಸಿಗೆ ಸರಿಪಡಿಸುವ, ತಲೆದಿಂಬಿನ ಚೀಲ ಬದಲಿಸುವ ಕೆಲಸವನ್ನು ಆ ಹೊತ್ತಿಗೇ ಇಟ್ಟುಕೊಂಡರೆ ಸಮಯವೂ ವ್ಯರ್ಥವಾಗುವುದಿಲ್ಲ. ಮೂರು ವಾರಕ್ಕೊಮ್ಮೆ ಒಂದು ಗುಂಡಿ ಹೆಚ್ಚಿಸಿ ನೋಡಿ. ಆದರೆ ದಣಿದ ದಿನ, ಜ್ವರದ ದಿನ ಒತ್ತಾಯ ಬೇಡ. ಸ್ವಾವಲಂಬನೆಯನ್ನೇ ಪರೀಕ್ಷೆಯಾಗಿಸಿದರೆ ಅದೂ ಒಂದು ಬಗೆಯ ದಬ್ಬಾಳಿಕೆ.

ಮಾತಿನ ಧಾಟಿ ಇದಕ್ಕೇ ಅಂಟಿಕೊಂಡಿದೆ. ಎಂಬತ್ತು ದಾಟಿದವರಿಗೆ ಕೇಳದೆ ಏಕವಚನ, "ಬಾ ಚಿನ್ನ, ಬಾಯಿ ತೆಗಿ", "ನಾವೀಗ ಮಾತ್ರೆ ನುಂಗೋಣ್ವಾ ಕಂದಾ". ಆಡುವವರು ಇದನ್ನು ಅಕ್ಕರೆಯೆಂದುಕೊಳ್ಳುತ್ತಾರೆ. ಕ್ರಿಸ್ಟೀನ್ ವಿಲಿಯಮ್ಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಮಗುವನ್ನು ಮಾತಾಡಿಸುವಂತೆ ಮಾತಾಡಿಸಿದಾಗ ಮರೆವಿನವರೂ ಆರೈಕೆಯನ್ನು ಹೆಚ್ಚಾಗಿ ಪ್ರತಿಭಟಿಸಿದರು. ಹೇಗೆ ಕರೆಯಬೇಕೆಂದು ಬಂದ ದಿನವೇ ಕೇಳಿ, ಹಾಳೆಯ ತಲೆಯಲ್ಲಿ ಬರೆದಿಡಿ. ಯಾರಿಗಾದರೂ "ಅಜ್ಜಿ" ಎಂದರೇ ಇಷ್ಟವಾದರೆ ಅದೂ ಸರಿ, ಆ ಮಾತು ಅವರ ಬಾಯಿಂದ ಬರಬೇಕು. ಬಾಗಿಲು ತಟ್ಟಿ, "ಬನ್ನಿ" ಎಂದ ಮೇಲೆ ಒಳಗೆ ಹೋಗಿ. ತಟ್ಟುತ್ತಲೇ ಒಳಗೆ ಕಾಲಿಡುವುದು ತಟ್ಟದ ಹಾಗೆಯೇ.

ಊಟ

ರುಚಿಯ ದೂರು ಬಂದಾಗ ಅಡುಗೆಯವರನ್ನು ಬದಲಿಸುವ ಮೊದಲು ಬಡಿಸುವ ರೀತಿ ನೋಡಿ. ತಟ್ಟೆಯಲ್ಲಿ ಎಲ್ಲ ಹಾಕಿಯೇ ತಂದಿಡುವುದಕ್ಕಿಂತ ಮೇಜಿನ ಮೇಲೆ ಪಾತ್ರೆಯಿಟ್ಟು ತಾವೇ ಬಡಿಸಿಕೊಳ್ಳುವಂತೆ ಮಾಡಿದರೆ ತಿನ್ನುವುದೂ ಹೆಚ್ಚು, ಮಾತೂ ಹೆಚ್ಚು. ಬಿಳಿ ಅನ್ನ ಬಿಳಿ ತಟ್ಟೆಯಲ್ಲಿ ಮಂದ ಕಣ್ಣಿಗೆ ಕಾಣಿಸುವುದಿಲ್ಲ, ಗಾಢ ಬಣ್ಣದ ತಟ್ಟೆ ಬಳಸಿ. ಉಣ್ಣಿಸಬೇಕಾದವರಿಗೆ ನಿಂತುಕೊಂಡು ಉಣ್ಣಿಸಬೇಡಿ. ಅವರ ಕಣ್ಣಿನ ಮಟ್ಟಕ್ಕೆ ಕೂತು, ಒಂದು ತುತ್ತು ನುಂಗಿದ ಮೇಲೆಯೇ ಇನ್ನೊಂದು.

ದಿನಕ್ಕೆ ಕುಡಿಯುವ ದ್ರವ ಹೆಂಗಸರಿಗೆ ಕನಿಷ್ಠ 1.6 ಲೀಟರ್, ಗಂಡಸರಿಗೆ 2 ಲೀಟರ್ ಇರಬೇಕು. ಹೃದಯ, ಮೂತ್ರಪಿಂಡದ ತೊಂದರೆಯಿದ್ದರೆ ವೈದ್ಯರು ಹೇಳಿದಷ್ಟು. ಕೇಳಿದಾಗ ಕೊಡುತ್ತೇವೆ ಎನ್ನುವಂತಿಲ್ಲ, ವಯಸ್ಸಾದಂತೆ ಬಾಯಾರಿಕೆಯೇ ಕಡಿಮೆಯಾಗುತ್ತದೆ. ತೂಕವನ್ನು ತಿಂಗಳಿಗೊಮ್ಮೆ ನೋಡಿ. 30 ದಿನದಲ್ಲಿ ಶೇ. 5, ಆರು ತಿಂಗಳಲ್ಲಿ ಶೇ. 10 ಇಳಿದರೆ ಕಾರಣ ಹುಡುಕಲೇಬೇಕು.

ಜೊತೆ, ಮತ್ತು ಕೊಡುವ ಕೈ

ವೈದ್ಯ ಬಿಲ್ ಥಾಮಸ್ 1991ರಲ್ಲಿ ನ್ಯೂಯಾರ್ಕ್ ರಾಜ್ಯದ ಆರೈಕೆ ಮನೆಯೊಂದಕ್ಕೆ ನಾಯಿ, ಬೆಕ್ಕು, ನೂರು ಹಕ್ಕಿ, ಗಿಡಗಳನ್ನು ತಂದರು. ಒಂಟಿತನ, ಅಸಹಾಯಕತೆ, ಬೇಸರ ಈ ಮೂರು ಅಲ್ಲಿನ ನಿಜವಾದ ರೋಗಗಳು ಎಂಬುದು ಅವರ ಮಾತು. ಹಕ್ಕಿಗಳನ್ನು ನೋಡಿ ನಕಲು ಮಾಡಬೇಕಿಲ್ಲ. ಹಿಡಿಯಬೇಕಾದ ಎಳೆ ಬೇರೆ: ಸದಾ ಪಡೆಯುವವರಾಗಿದ್ದವರಿಗೆ ಕೊಡಲು ಏನೋ ಸಿಕ್ಕಿತು. ಬೆಳಿಗ್ಗೆ ಎದ್ದರೆ ಒಂದು ಜೀವ ತಮಗಾಗಿ ಕಾಯುತ್ತಿತ್ತು.

ಅದಕ್ಕೇ ಪ್ರತಿಯೊಬ್ಬರಿಗೂ ಒಂದು ನಿಜವಾದ ಕೆಲಸ ಹುಡುಕಿ. ನಿಜವಾದದ್ದು ಎಂದರೆ, ಅವರು ಮಾಡದಿದ್ದರೆ ಯಾರಿಗಾದರೂ ಕೊರತೆಯಾಗುವಂಥದ್ದು. ಮಡಿಸಿದ ಟವೆಲ್‌ಗಳನ್ನು ಕಣ್ಣಮರೆಯಲ್ಲಿ ಬಿಚ್ಚಿ ಮತ್ತೆ ಮಡಿಸಲು ಕೊಡುವುದು ಕೆಲಸವಲ್ಲ. ಅದು ಅವರಿಗೆ ಗೊತ್ತಾದ ದಿನ ಆಗುವ ಅವಮಾನ ಬಹಳ ದೊಡ್ಡದು. ಪತ್ರಿಕೆಯನ್ನು ಕಣ್ಣು ಕಾಣದವರಿಗೆ ಓದಿ ಹೇಳುವುದು, ಹೊಸಬರನ್ನು ಊಟಕ್ಕೆ ಕರೆದುಕೊಂಡು ಹೋಗುವುದು, ಹೊಸ ಆರೈಕೆಗಾರರಿಗೆ ತಮ್ಮ ಕಸುಬಿನ ಬಗ್ಗೆ ಹೇಳುವುದು, ಗಿಡಕ್ಕೆ ನೀರು. ಹಾಸಿಗೆ ಹಿಡಿದವರು ಕೂಡ ನಾಳೆ ಯಾವ ಹಾಡು ಹಾಕಬೇಕೆಂದು ಆರಿಸಬಲ್ಲರು.

ನೂರು ಜನರ ನಡುವೆಯೂ ಒಂಟಿತನವಿರುತ್ತದೆ. ಗುಂಪು ಚಟುವಟಿಕೆಯ ಹಾಜರಿ ಪುಸ್ತಕ ತುಂಬಿದೆಯೆಂದ ಮಾತ್ರಕ್ಕೆ ಸ್ನೇಹ ಬೆಳೆದಿದೆ ಎಂದಲ್ಲ. ಊಟದ ಮೇಜು ನಾಲ್ವರದಿರಲಿ, ಕಿವಿ ಕೇಳಿಸದವರನ್ನು ಚೆನ್ನಾಗಿ ಕೇಳಿಸುವ ಮಾತುಗಾರರ ಎದುರಿಗೆ ಕೂರಿಸಿ, ಟಿವಿ ಆರಿಸಿ. ಒಂದೇ ಕೋಣೆಯಲ್ಲಿ ಇಬ್ಬರಿದ್ದರೆ ಅವರ ರೋಗ ಹೋಲುತ್ತದೆಯೇ ಎಂದು ನೋಡುವುದಕ್ಕಿಂತ ಮಲಗುವ ಹೊತ್ತು, ಫ್ಯಾನಿನ ವೇಗ, ದನಿಯ ಪ್ರಮಾಣ ಹೊಂದುತ್ತದೆಯೇ ನೋಡಿ. ಜಗಳ ಹುಟ್ಟುವುದು ಅಲ್ಲೇ. ಹೊಂದದಿದ್ದರೆ ಬದಲಿಸಲು ತಿಂಗಳು ಕಾಯಿಸಬೇಡಿ.

ಅದೇ ಮುಖ, ಅದೇ ಕೈ

ಹಿರಿಯರೊಬ್ಬರಿಗೆ ವಾರದಲ್ಲಿ ಎಷ್ಟು ಬೇರೆ ಬೇರೆ ಆರೈಕೆಗಾರರು ಸ್ನಾನ ಮಾಡಿಸಿದರು, ಬಟ್ಟೆ ತೊಡಿಸಿದರು ಎಂದು ಪಾಳಿ ಪುಸ್ತಕದಿಂದ ಎಣಿಸಿ. ಆ ಸಂಖ್ಯೆ ದೊಡ್ಡದಿದ್ದರೆ ಮೇಲಿನ ಯಾವುದೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಯಾವ ಬದಿಯ ಭುಜ ಮುಟ್ಟಿದರೆ ನೋವು, ಯಾವಾಗ ಮಾತು ಬೇಡ ಎಂಬುದೆಲ್ಲ ಹಾಳೆಯ ಮೇಲೆ ಪೂರ್ತಿ ಇಳಿಯುವುದಿಲ್ಲ, ಕೈಯಲ್ಲಿರುತ್ತದೆ. ಒಬ್ಬ ಆರೈಕೆಗಾರರಿಗೆ ಅದೇ ಗುಂಪಿನ ಹಿರಿಯರನ್ನು ಒಪ್ಪಿಸಿ, ರಜೆಗೆ ಬದಲಿ ಬರುವವರೂ ಗೊತ್ತಿರುವ ಒಬ್ಬರೇ ಆಗಿರಲಿ. ಕಷ್ಟದ ಹಿರಿಯರೆಲ್ಲ ಒಬ್ಬರ ಪಾಲಿಗೇ ಬಂದರೆ ಅವರು ಕೆಲಸ ಬಿಡುತ್ತಾರೆ. ಹಂಚಿಕೆಯನ್ನು ಆರೈಕೆಗಾರರೇ ಕೂತು ಮಾಡಲಿ. ತಮ್ಮ ಪಾಳಿಯ ಬಗ್ಗೆ ಒಂದು ಮಾತೂ ಆಡಲಾಗದ ಸಿಬ್ಬಂದಿ ಇನ್ನೊಬ್ಬರಿಗೆ ಆಯ್ಕೆ ಕೊಡುವುದನ್ನು ಎಲ್ಲಿಂದ ಕಲಿಯಬೇಕು?

ಕೇಳುವ ಬಗೆ

ಬದುಕಿನ ಬಗೆಗಿನ ತೃಪ್ತಿಯನ್ನು ಅಳೆಯಲು ಸಿದ್ಧ ಮಾಪನಗಳಿವೆ. ಎಡ್ ಡೀನರ್ ಮತ್ತು ಸಂಗಡಿಗರು 1985ರಲ್ಲಿ ರೂಪಿಸಿದ್ದರಲ್ಲಿ ಐದೇ ಹೇಳಿಕೆಗಳು, ಪ್ರತಿಯೊಂದಕ್ಕೂ 1ರಿಂದ 7 ಅಂಕ. ಒಟ್ಟು 5ರಿಂದ 35, ನಡುವಿನ ಗೆರೆ 20. ಆದರೆ ಅಂಕಕ್ಕಿಂತ ಕೇಳುವವರು ಯಾರು ಎಂಬುದೇ ಹೆಚ್ಚು ತೂಗುತ್ತದೆ. ನಾಳೆ ಬೆಳಿಗ್ಗೆ ತಮ್ಮನ್ನು ಶೌಚಕ್ಕೆ ಕರೆದೊಯ್ಯಬೇಕಾದವರೇ ಬಂದು ಕೇಳಿದರೆ ಯಾರೂ ದೂರು ಹೇಳುವುದಿಲ್ಲ. ಹೊರಗಿನವರು, ಬಾಗಿಲು ಮುಚ್ಚಿ, ಬೆಳಗಿನ ಚುರುಕಿನ ಹೊತ್ತಿನಲ್ಲಿ, ಶ್ರವಣಯಂತ್ರ ಮತ್ತು ಕನ್ನಡಕ ಹಾಕಿಸಿ ಕೇಳಬೇಕು. ಮನೆಯವರನ್ನು ಕೇಳಿ ಹಿರಿಯರ ಉತ್ತರವೆಂದು ಬರೆದುಕೊಳ್ಳಬೇಡಿ. ಮನೆಯವರ ಅಂದಾಜು ಸಾಮಾನ್ಯವಾಗಿ ಹಿರಿಯರ ಸ್ವಂತ ಮಾತಿಗಿಂತ ಕೆಳಗಿರುತ್ತದೆ, ಅದರಲ್ಲಿ ಅವರ ಅಪರಾಧ ಭಾವವೂ ಬೆರೆತಿರುತ್ತದೆ. ಮಧ್ಯಮ ಮಟ್ಟದ ಮರೆವಿರುವ ಅನೇಕರು ಚಿಕ್ಕ ಪ್ರಶ್ನೆಗೆ ನೆಚ್ಚಬಹುದಾದ ಉತ್ತರ ಕೊಡಬಲ್ಲರು. ಏಳು ಆಯ್ಕೆ ಗೊಂದಲವಾದರೆ ಹೌದು-ಇಲ್ಲ ಸಾಕು.

ಎಲ್ಲರೂ "ಚೆನ್ನಾಗಿದೆ" ಎಂದರೆ ಬೀಗಬೇಡಿ. ಆಸೆಯನ್ನು ಕುಗ್ಗಿಸಿಕೊಂಡವರೂ ಹಾಗೆಯೇ ಹೇಳುತ್ತಾರೆ. ನಿರ್ದಿಷ್ಟವಾಗಿ ಕೇಳಿ: "ನಿನ್ನೆ ನೀವು ಬಯಸಿದ ಹೊತ್ತಿಗೆ ಎದ್ದಿರಾ?", "ಈ ವಾರ ಯಾವುದಕ್ಕಾದರೂ ಎದುರು ನೋಡುತ್ತಿದ್ದೀರಾ?", "ರಾತ್ರಿ ಗಂಟೆ ಒತ್ತಲು ಹಿಂಜರಿದದ್ದುಂಟಾ?" ಕೊನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಒಂದೇ ಬಂದರೂ ಆ ರಾತ್ರಿಯ ಪಾಳಿಯನ್ನು ನೋಡಿ. ಕೇಳಿದ ಎರಡು ವಾರದೊಳಗೆ ಏನು ಬದಲಾಯಿತು, ಏನು ಬದಲಿಸಲಾಗಲಿಲ್ಲ, ಯಾಕೆ ಎಂದು ಅವರಿಗೇ ಹೋಗಿ ಹೇಳಿ. ಇಲ್ಲದಿದ್ದರೆ ಮುಂದಿನ ಸಲ ಉತ್ತರ ಸಿಗುವುದಿಲ್ಲ.

ಒಬ್ಬರು ತೀರಿಕೊಂಡಾಗ

ಕೈಪಿಡಿಗಳಲ್ಲಿ ಇದು ಬರುವುದೇ ಅಪರೂಪ, ಆದರೆ ಉಳಿದವರು ಕಣ್ಣು ಮಿಟುಕಿಸದೆ ನೋಡುವುದು ಇದನ್ನೇ. ಕಾರಿಡಾರಿನ ಬಾಗಿಲುಗಳನ್ನೆಲ್ಲ ಮುಚ್ಚಿಸಿ, ಹಿಂಬಾಗಿಲಿನಿಂದ ಸದ್ದಿಲ್ಲದೆ ಸಾಗಿಸಿ, ಮಧ್ಯಾಹ್ನದ ಹೊತ್ತಿಗೆ ಹಾಸಿಗೆಗೆ ಹೊಸ ಹೆಸರು ಅಂಟಿಸಿದರೆ, ನಾಳೆ ನನ್ನನ್ನೂ ಹೀಗೆಯೇ ಒರೆಸಿಹಾಕುತ್ತಾರೆ ಎಂದು ಪ್ರತಿಯೊಬ್ಬರಿಗೂ ಗೊತ್ತಾಗುತ್ತದೆ. ಅದರ ಬದಲು ಆ ದಿನವೇ, ಮೊದಲು ಕೋಣೆಯ ಜೊತೆಗಾರರಿಗೆ, ಆಮೇಲೆ ಊಟದ ಮೇಜಿನವರಿಗೆ, ಪಕ್ಕದಲ್ಲಿ ಕೂತು ಹೆಸರು ಹೇಳಿ ತಿಳಿಸಿ. ಕೊನೆಯ ಬಾರಿ ನೋಡಬೇಕೆನ್ನುವವರನ್ನು ಕರೆದುಕೊಂಡು ಹೋಗಿ. ಅವರು ಬಂದ ಮುಂಬಾಗಿಲಿನಿಂದಲೇ ಹೊರಡಿಸಿ, ಎದ್ದು ನಿಲ್ಲಬಲ್ಲವರು ನಿಲ್ಲಲಿ, ಆರೈಕೆಗಾರರೂ ಕೆಲಸ ಬಿಟ್ಟು ಬಂದು ನಿಲ್ಲಲಿ. ಫೋಟೊ ಒಂದನ್ನು ಒಂದು ವಾರ ಎಲ್ಲರಿಗೂ ಕಾಣುವಲ್ಲಿ ಇಡಿ. ಮೇಜಿನ ಬಳಿಯ ಅವರ ಕುರ್ಚಿಯನ್ನು ಎಷ್ಟು ದಿನ ಖಾಲಿ ಬಿಡಬೇಕು, ಆಮೇಲೆ ಅಲ್ಲಿ ಯಾರು ಕೂರಬೇಕು ಎಂಬುದನ್ನು ಅದೇ ಮೇಜಿನ ಉಳಿದ ಮೂವರನ್ನು ಕೇಳಿ.